ಒಂದು ಮೊರ ಜೋಳ

ಫ್ರಿಜ್ಜಿನೊಳಗೆ ಮೊಸರು ಇತ್ತು.

ವಿದ್ಯಾವತಿಯವರು ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಮತ್ತೊಮ್ಮೆ ಬಗ್ಗಿ ನೋಡಿದರು. ಮೇಲಿನ ಹಲಗೆಗಳ ಮೇಲೆ ನೇರಳೆ ಮುಚ್ಚಳದ ರಕ್ತದ ಟ್ಯೂಬುಗಳು ಸಾಲುಗಟ್ಟಿ ನಿಂತಿದ್ದವು. ಕೆಳಗಿನ ಮೂಲೆಯಲ್ಲಿ ತಾಟು ಮುಚ್ಚಿದ ಒಂದು ಸ್ಟೀಲ್ ತಂಬಿಗೆ. ತಾಟು ಎತ್ತಿದರೆ ಹುಳಿ ವಾಸನೆ.

“ಡಾಕ್ಟರವ್ವಾ, ಈ ಪೆಟ್ಟಿಗ್ಯಾಗ ತಿನ್ನೂ ಸಾಮಾನು ಇಡಬಾರದು ಅಂತ ನೀನ ಚೀಟಿ ಅಂಟಿಸಿಯಲ್ಲ?”

“ನಾ ಇಟ್ಟಿಲ್ರಿ ಬಾಯಾರ. ತಬ್ರೇಜ ಇಟ್ಟಿರಬೇಕು.”

“ತಬ್ರೇಜ ನಾಕು ದಿನಾ ಆತು, ರಕ್ತಾ ತರಾಕ ಮುದ್ದೇಬಿಹಾಳಕ್ಕ ಹೋಗ್ಯಾನ. ನಾಕು ದಿನದ ಮೊಸರು ಹಿಂಗ ಇರೂದಿಲ್ಲ.”

ಡಾಕ್ಟರ್ ಪ್ರಜ್ಞಾ ಕಂಪ್ಯೂಟರಿನಿಂದ ತಲೆ ಎತ್ತಿದಳು. ಎರಡು ದಿನದಿಂದ ಅವಳ ಕಣ್ಣಿಗೆ ನಿದ್ದೆ ಇರಲಿಲ್ಲ. ಇಂಡಿ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಈ ಎರಡು ಕೋಣೆಗಳಿಂದ ಮೊನ್ನೆ ಒಂದು ಟ್ಯೂಬು ಕಳುವಾಗಿತ್ತು. ನಲವತ್ತೆರಡು ಟ್ಯೂಬುಗಳಲ್ಲಿ ಒಂದೇ ಒಂದು. ಹದಿನೇಳನೆಯ ಮನೆಯ ನಾಲ್ಕನೆಯದು.

ಪ್ರಜ್ಞಾ ಆಲಮೇಲದವಳು. ಕಬ್ಬು ಕಡಿಯುವವರ ಮನೆಯಲ್ಲಿ ಬೆಳೆದು, ಓದಿ ವಿಜ್ಞಾನಿಯಾದವಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಮಾತು ಬಾರದ, ನಡೆ ತಡವಾದ, ಮೂರ್ಛೆಯಿಂದ ನರಳುವ ಮಕ್ಕಳಿರುವ ಮನೆಗಳನ್ನು ಹುಡುಕಿ, ಮೂರು ತಲೆಮಾರಿನ ನಕ್ಷೆ ಬರೆದು, ರಕ್ತ ಪಡೆದು, ಯಾವ ವಂಶವಾಹಿಯಲ್ಲಿ ದೋಷವಿದೆ ಎಂದು ಕಂಡುಹಿಡಿಯುವುದು ಅವಳ ಕೆಲಸ.

ನಕ್ಷೆ ಬರೆಯುವವರು ವಿದ್ಯಾವತಿ. ಹೊರ್ತಿಯ ಆರೋಗ್ಯ ಉಪಕೇಂದ್ರದಲ್ಲಿ ಇಪ್ಪತ್ತೆಂಟು ವರ್ಷ ನರ್ಸ್ ಆಗಿ ನಿವೃತ್ತರಾದ ಅವರಿಗೆ ಯಾರ ಮನೆಯಲ್ಲಿ ಯಾರು ಹುಟ್ಟಿದರು, ಯಾರು ಉಳಿದರು, ಯಾರು ಹೋದರು ಎಂಬುದೆಲ್ಲ ಬಾಯಿಪಾಠ. ಊರವರಿಗೆ ಅವರು ಇಂದಿಗೂ ನರ್ಸ್ ಬಾಯಾರೇ.

“ಟ್ಯೂಬಿನ ಮ್ಯಾಲೆ ಹೆಸರಿಲ್ಲ, ಬರೇ ನಂಬರ್. ಆ ನಂಬರ್ ಯಾರಿಗೆ ಗೊತ್ತು?” ಎಂದರು ವಿದ್ಯಾವತಿ.

“ನನಗ, ನಿಮಗ.”

“ಮತ್ತ ಆ ಮನಿಯವರಿಗೆ. ರಕ್ತಾ ಕೊಟ್ಟವರಿಗೆಲ್ಲಾ ನಂಬರಿನ ಚೀಟಿ ನಾನ ಬರದು ಕೊಟ್ಟೇನಿ.” ಹೀಗೆಂದು ಅವರು ತಂಬಿಗೆಯನ್ನು ತಲೆಕೆಳಗು ಮಾಡಿದರು. ಮೊಸರು ಬಟ್ಟಲಿಗೆ ಬಿತ್ತು. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರಗಳು: ಶಂ. ಮ. ಹೊರ್ತಿ.

ಶಂಕರೆಪ್ಪ. ಹದಿನೇಳನೆಯ ಮನೆ.

ಪ್ರಜ್ಞಾ ಹಣೆ ಹಿಡಿದುಕೊಂಡಳು. “ಮೊನ್ನೆ ರುಕ್ಮವ್ವ ಲಗ್ನಪತ್ರಿಕಿ ಕೊಡಾಕ ಬಂದಿದ್ರು. ಬುತ್ತಿ ತಂದಿದ್ರು. ನಾ ಕೈ ತೊಳಿಯಾಕ ಒಳಗ ಹೋಗಿದ್ದೆ. ಮೊಸರು ಹುಳಿ ಆಗ್ತೈತಿ, ತಂಪಿನ್ಯಾಗ ಇಡ್ತೇನ್ರಿ ಅಂದ್ರು. ನಾ ಹೂಂ ಅಂದೆ. ಆಮ್ಯಾಲೆ ಮರತೆ. ಆದರ ಬಾಯಾರ, ಅವ್ರ ಮಗಳ ರಕ್ತಾ ಅವ್ರ್ಯಾಕ ಕದೀತಾರ?”

ಆ ರಕ್ತ ಕೊಟ್ಟು ವರದಿಗಾಗಿ ಕಾಯುತ್ತಿದ್ದವಳು ಶಂಕರೆಪ್ಪನ ಹಿರಿಯ ಮಗಳು ಐಶ್ವರ್ಯ. ಬರುವ ಸೋಮವಾರ, ಇನ್ನು ಆರು ದಿನಕ್ಕೆ, ಬಾಗೇವಾಡಿಯಲ್ಲಿ ಅವಳ ಮದುವೆ. ವರ ಸಂಗಮೇಶ, ತಾಯಿಯ ಅಣ್ಣನ ಮಗ.

ಐಶ್ವರ್ಯಳ ತಂಗಿ ನೀಲಾಂಬಿಕೆಗೆ ಹತ್ತೊಂಬತ್ತು ವರ್ಷವಾದರೂ ಮಾತು ಬಂದಿರಲಿಲ್ಲ. ಅವಳಿಗೆ ಉಣಿಸಿ, ತಲೆ ಬಾಚಿ, ಮೂರ್ಛೆ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡು ಬೆಳೆದವಳು ಐಶ್ವರ್ಯ. ಹೋದ ತಿಂಗಳು ಬಾಗೇವಾಡಿಯ ಗುಡಿಯಲ್ಲಿ, ಬಸವಣ್ಣನ ಎದುರಿನಲ್ಲಿ, ಅವಳು ವಿದ್ಯಾವತಿಯವರ ಕೈ ಹಿಡಿದು ಕೇಳಿದ್ದಳು: “ನೀಲಾಗ ಬಂದದ್ದು ನನ್ನ ಹೊಟ್ಟ್ಯಾಗೂ ಐತೇನು ಅಂತ ನನಗ ಗೊತ್ತಾಗಬೇಕ್ರಿ. ಏನ ಬರ್ಲಿ, ನನಗ ಸುಳ್ಳು ಹೇಳಬ್ಯಾಡ್ರಿ. ಮಾತು ಕೊಡ್ರಿ.” ವಿದ್ಯಾವತಿ ಮಾತು ಕೊಟ್ಟಿದ್ದರು.

ಒಂದೊಂದು ವಂಶವಾಹಿಯೂ ಮನುಷ್ಯನಲ್ಲಿ ಜೋಡಿಯಾಗಿರುತ್ತದೆ. ತಂದೆಯದೊಂದು, ತಾಯಿಯದೊಂದು. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ಎರಡೂ ಕೆಟ್ಟರೆ ರೋಗ. ಶಂಕರೆಪ್ಪನಲ್ಲಿ ಒಂದು ಕೆಟ್ಟಿತ್ತು. ಅವನ ಸೋದರಮಾವನ ಮಗಳೇ ಆದ ರುಕ್ಮವ್ವನಲ್ಲಿ ಅದೇ ಒಂದು. ನೀಲಾಳಲ್ಲಿ ಎರಡೂ. ಸಂಗಮೇಶನ ರಕ್ತದಲ್ಲೂ ಅದೇ ಒಂದು ದೋಷ ಇದೆಯೆಂದು ಹೈದರಾಬಾದಿನ ಲ್ಯಾಬಿನಿಂದ ವರದಿ ಬಂದಿತ್ತು. ಉಳಿದದ್ದು ಐಶ್ವರ್ಯಳದು; ಅವಳಲ್ಲೂ ಅದೇ ಇದ್ದರೆ ಅವರಿಗೆ ಹುಟ್ಟುವ ಮಕ್ಕಳಿಗೆ ರೋಗ ಬರಬಹುದಿತ್ತು. ಕಾರ್ಡಿಗೆ ಒತ್ತಿ ಕಳುಹಿಸಿದ್ದ ಅವಳ ರಕ್ತದ ಹನಿ ಕೆಟ್ಟಿದೆ, ಇನ್ನೊಮ್ಮೆ ಪ್ರಯತ್ನಿಸುತ್ತೇವೆ, ಆದರೆ ಟ್ಯೂಬನ್ನೂ ಕಳಿಸಿ ಎಂದು ಲ್ಯಾಬಿನವರು ತಿಳಿಸಿದ್ದರು. ಅಷ್ಟರಲ್ಲಿ ಟ್ಯೂಬು ಇಲ್ಲವಾಗಿತ್ತು. ಹೊಸದಾಗಿ ರಕ್ತ ತೆಗೆದರೆ ವರದಿಗೆ ಮೂರು ವಾರ ಬೇಕು.

“ನಾ ಹೊರ್ತಿಗೆ ಹೊಂಟೇನಿ. ನೀ ಬರಬ್ಯಾಡ,” ಎಂದರು ವಿದ್ಯಾವತಿ.

“ಬರಾಕ ಆಗೂದೂ ಇಲ್ರಿ. ಮಧ್ಯಾಹ್ನದ ಬಸ್ಸಿಗೆ ನಮ್ಮವ್ವ ಆಲಮೇಲದಿಂದ ಬರ್ತಾಳ.” ಪ್ರಜ್ಞಾ ಸ್ವಲ್ಪ ನಕ್ಕಳು. “ಅಕೀದೊಂದು ತಮಾಷಿ. ಸಿಂದಗಿ, ಮುದ್ದೇಬಿಹಾಳ, ಎಲ್ಲಿ ಕರದರೂ ನನ್ನ ಕೂಡ ಬರ್ತಾಳ. ಹೊರ್ತಿ ಅಂದ್ರ ಮಾತ್ರ ಒಲ್ಲೆ ಅಂತಾಳ. ಅಲ್ಲೀ ಬಿಸಲು ಆಗಿಬರೂದಿಲ್ಲಂತ.”

ಫ್ರಿಜ್ಜಿನ ಬಾಗಿಲು ಮುಚ್ಚುವಾಗ ಮೊದಲ ಸಾಲಿನ ಮೊದಲ ಟ್ಯೂಬು ವಿದ್ಯಾವತಿಯವರ ಕಣ್ಣಿಗೆ ಬಿತ್ತು. ಅದರ ಮೇಲೆ ಬರೆದದ್ದು ಸೊನ್ನೆ. ಅದು ಪ್ರಜ್ಞಾಳ ರಕ್ತ. ರೋಗವಿಲ್ಲದ, ಸಂಬಂಧವಿಲ್ಲದ ಒಬ್ಬರ ರಕ್ತ ಹೋಲಿಕೆಗೆ ಬೇಕೆಂದು, ಕಳಿಸುವ ಪ್ರತಿ ಗಂಟಿನಲ್ಲೂ ಅವಳು ತನ್ನದೊಂದು ಹನಿ ಸೇರಿಸುತ್ತಿದ್ದಳು.

*

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ವಿದ್ಯಾವತಿ ಚೀಲದಿಂದ ಹಳೆಯ ನೋಟುಬುಕ್ಕು ತೆಗೆದರು. ಸರ್ಕಾರದ ರಿಜಿಸ್ಟರು ಸರ್ಕಾರಕ್ಕೆ ಹೋಯಿತು. ಇದು ಅವರ ಸ್ವಂತದ್ದು. ನಕ್ಷೆಗೆ ಮಕ್ಕಳ ಹುಟ್ಟುತೂಕ ಬೇಕೆಂದು ಪ್ರಜ್ಞಾ ಕೇಳಿದ್ದರಿಂದ ಅದು ವಾರದಿಂದ ಚೀಲದಲ್ಲೇ ಇತ್ತು.

ಇಪ್ಪತ್ನಾಲ್ಕು ವರ್ಷದ ಹಿಂದಿನ ಪುಟ. ಅವರದೇ ಅಕ್ಷರ.

ರುಕ್ಮವ್ವನ ಮೊದಲ ಎರಡು ಕೂಸುಗಳು ಸೆಳವು ಬಂದು ತಿಂಗಳೊಳಗೆ ತೀರಿಕೊಂಡಿದ್ದವು. ಮೂರನೆಯದು ಹೆಣ್ಣು. ಅದಾದರೂ ಉಳಿಯಲೆಂದು ಐದನೆಯ ದಿನ ಬೆಳಿಗ್ಗೆ ಅತ್ತೆ ಕೂಸನ್ನು ತಿಪ್ಪೆಯ ಮೇಲೆ ಇಟ್ಟಳು. ನಮ್ಮದಲ್ಲ, ಬಿಸಾಕಿದ್ದೇವೆ ಎಂದಳು. ಕೂಲಿಯ ಹೆಂಗಸೊಬ್ಬಳು ಎತ್ತಿಕೊಂಡು ಇದು ನನ್ನದು ಎಂದಳು. ಆಮೇಲೆ ರುಕ್ಮವ್ವ ಒಂದು ಮೊರ ಜೋಳ ಕೊಟ್ಟು ಕೂಸನ್ನು ಅವಳಿಂದ ಕೊಂಡುಕೊಂಡಳು. ತಿಪ್ಪೆಯ ಮೇಲೆಯೇ ಮೂಗು ಚುಚ್ಚಿ ತಿಪ್ಪವ್ವ ಎಂದು ಹೆಸರಿಟ್ಟರು. ಸಾವು ಮೋಸಹೋಗಲಿ ಎಂದು ಆ ಕಡೆಯ ಜನ ಮಾಡುತ್ತ ಬಂದ ಪದ್ಧತಿ. ಶಾಲೆಗೆ ಹಾಕುವಾಗ ಆ ತಿಪ್ಪವ್ವ ಐಶ್ವರ್ಯಳಾದಳು.

ನಕ್ಷೆ ಬರೆಯುವಾಗ ರುಕ್ಮವ್ವ “ಕೊಂಡ ಮಗಳ್ರಿ ಬಾಯಾರ” ಎಂದಾಗ ವಿದ್ಯಾವತಿ ನಕ್ಕು, ತಾಯಿಯಿಂದ ಮಗಳಿಗೆ ನೇರ ಗೆರೆ ಎಳೆದಿದ್ದರು. ಬೇರೆ ಊರಿನವರು ಯಾರಾದರೂ ಆಗಿದ್ದರೆ ಕೈ ತಡೆದು, ಕೊಂಡದ್ದು ಯಾರಿಂದ ಎಂದು ಕೇಳುತ್ತಿದ್ದರು.

ಅವರು ಬೆರಳಿಟ್ಟು ತೂಕದ ಸಾಲು ಓದಿದರು. ಹುಟ್ಟಿದ ದಿನ ಒಂದು ಕಿಲೊ ಎಂಟುನೂರು. ಹನ್ನೆರಡನೆಯ ದಿನ ಮೂರು ಕಿಲೊ. ಪಕ್ಕದಲ್ಲಿ ಅವರೇ ಬರೆದಿದ್ದರು: ದೇವರ ದಯೆ.

ಅದರ ಕೆಳಗಿನ ಸಾಲು: ಲಿಂಬೆಕಾಯಿ ಹರಿಯುವ ಕೂಲಿಯವರ ಗುಡಿಸಲು, ಹೆಣ್ಣು ಕೂಸು, ಮರಣ. ತಾಯಿಯ ಹೆಸರಿನ ಜಾಗ ಖಾಲಿ. ಆ ಕೂಸನ್ನು ಅವರು ಕಣ್ಣಾರೆ ಕಂಡಿರಲಿಲ್ಲ. ಯಾರೋ ಹೇಳಿದ್ದನ್ನು ಬರೆದುಕೊಂಡಿದ್ದರು.

ವಿದ್ಯಾವತಿ ಎರಡೂ ಸಾಲುಗಳನ್ನು ಮತ್ತೆ ಮತ್ತೆ ಓದಿದರು. ಬಸ್ಸು ಹೊರ್ತಿಗೆ ಬಂದು ನಿಂತದ್ದೂ ಅವರಿಗೆ ತಿಳಿಯಲಿಲ್ಲ. ಕಂಡಕ್ಟರ್ ಎರಡು ಸಲ ಕೂಗಬೇಕಾಯಿತು.

*

ಶಂಕರೆಪ್ಪನ ಪಡಸಾಲೆಯ ತುಂಬ ಲಿಂಬೆಹಣ್ಣು ಹರಡಿತ್ತು. ನೀಲಾ ನಡುವೆ ಕುಳಿತು ಸಣ್ಣದು ಬೇರೆ, ದೊಡ್ಡದು ಬೇರೆ ಸಾಲಾಗಿ ಜೋಡಿಸುತ್ತಿದ್ದಳು. ಒಂದು ಹಣ್ಣು ಸಾಲು ತಪ್ಪಿದರೆ ಮೊದಲಿನಿಂದ ಮತ್ತೆ ಜೋಡಿಸುವಳು.

“ಬರ್ರಿ ಬರ್ರಿ ಬಾಯಾರ! ಮದುವಿ ಊಟಕ್ಕ ಇನ್ನೂ ಆರು ದಿನಾ ಐತ್ರಿ, ಈಗ ಬಂದೀರಲ್ಲ, ಅಷ್ಟು ಹಸಿವಾಗೇತೇನ್ರಿ?” ಎಂದು ರುಕ್ಮವ್ವ ನಗುತ್ತ ಬಂದಳು.

“ಶಂಕರೆಪ್ಪ ಎಲ್ಲಿ?”

“ಪತ್ರಿಕಿ ಹಂಚಾಕ ಹೋಗ್ಯಾರ್ರಿ. ಮುದ್ದೇಬಿಹಾಳ ಮುಗಿಸಿ ಇವತ್ತ ಮನಗೂಳಿ ಮ್ಯಾಲಿಂದ ಬರ್ತಾರ. ನಮ್ಮ ತಿಪ್ಪವ್ವ ಚಾಂದಸಾಬನ ಅಂಗಡ್ಯಾಗ ಬಳಿ ಇಡಿಸಿಕೊಳ್ಳಾಕ ಹೋಗ್ಯಾಳ.”

ವಿದ್ಯಾವತಿ ಚೀಲದಿಂದ ತಂಬಿಗೆ ತೆಗೆದು ಅವಳ ಕೈಗೆ ಕೊಟ್ಟರು. ಬರಿದೇ ಮರಳಿಸಬಾರದೆಂದು ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿದ್ದರು.

ರುಕ್ಮವ್ವನ ನಗು ನಿಂತಿತು. “ಇದಕ್ಕಂತ ಇಷ್ಟು ದೂರ ಬಂದ್ರೇನ್ರಿ?”

“ಮೊದಲ ದೇವರಿಗೆ ಕೈ ಮುಗೀತೇನಿ, ತಡಿ.”

ಯಾರ ಮನೆಗೆ ಹೋದರೂ ಮೊದಲು ದೇವರ ಜಗುಲಿಯ ಮುಂದೆ ನಿಲ್ಲುವುದು ಅವರ ಪದ್ಧತಿ. ಇಂದು ಕೂಡ ಅದೇ ಅಭ್ಯಾಸದಿಂದ ದೇವರ ಕೋಣೆಗೆ ಹೋಗಿ, ಬಗ್ಗಿ, ವಿಭೂತಿ ಗಟ್ಟಿಗೆ ಬೆರಳು ಒರೆಸಲು ಕೈ ಚಾಚಿದರು. ಗಟ್ಟಿಯ ಹಿಂದೆ, ಅತ್ತೆಯ ಹಳೆಯ ಲಿಂಗದ ಕರಡಿಗೆಯ ಪಕ್ಕದಲ್ಲಿ, ನೇರಳೆ ಬಣ್ಣದ ಮುಚ್ಚಳ ಕಾಣಿಸಿತು.

ಹದಿನೇಳರ ನಾಲ್ಕು. ಅದಕ್ಕೊಂದು ಕುಂಕುಮದ ಬೊಟ್ಟು ಇಟ್ಟಿತ್ತು.

“ಚೆಲ್ಲಾಕ ಹೋಗಿದ್ದೇರಿ,” ಎಂದಳು ರುಕ್ಮವ್ವ ಬೆನ್ನ ಹಿಂದಿನಿಂದ. ದನಿ ಸಣ್ಣಗಿತ್ತು. “ಬಚ್ಚಲ ತನಕಾ ಒಯ್ದೆ. ಮಗಳ ರಕ್ತಾ ಬಚ್ಚಲಕ್ಕ ಸುರಿಯಾಕ ಕೈ ಬರ್ಲಿಲ್ಲ.”

“ಯಾಕ ತಂದಿ?”

“ಯಾಕಂದ್ರ? ಅಕೀ ರಕ್ತದಾಗೂ ಆ ದೋಷ ಐತಿ ಅಂತ ಬಂದ್ರ ಮದುವಿ ಮುರೀತೈತಲ್ರಿ! ಅಕೀನ ಒಲ್ಲೆ ಅಂತಾಳ. ಪತ್ರಿಕಿ ಹಂಚೇವಿ. ನಮ್ಮ ಅಣ್ಣನ ಮುಂದ ಯಾವ ಮಾರಿ ಇಟ್ಕೊಂಡು ನಿಲ್ಲಲಿ?”

ಅದು ತಾಯಿಯೊಬ್ಬಳು ಹೇಳಬಹುದಾದ ಮಾತೇ. ಒಂದು ಗಂಟೆಯ ಹಿಂದೆ ಆಗಿದ್ದರೆ ವಿದ್ಯಾವತಿ ಅದನ್ನು ನಂಬಿ, ಬೈದು, ಚಹಾ ಕುಡಿದು ಹೋಗುತ್ತಿದ್ದರು. ಈಗ ಅವರು ಅಲ್ಲಿಯೇ ನೆಲದ ಮೇಲೆ ಕುಳಿತರು.

“ರುಕ್ಮವ್ವಾ, ನಿನ್ನ ಟ್ಯೂಬು ಅಲ್ಲೇ ಇತ್ತು. ನಿನ್ನ ಗಂಡಂದಿತ್ತು. ನೀಲಾಂದಿತ್ತು. ಸಂಗಮೇಶಂದೂ ಇತ್ತು. ದೋಷ ಮುಚ್ಚಾಕ ಬಂದಾಕಿ ಅವನ್ನೆಲ್ಲಾ ಯಾಕ ಬಿಟ್ಟಿ?”

ರುಕ್ಮವ್ವ ತಂಬಿಗೆಯನ್ನು ಸೆರಗಿನಿಂದ ಒರೆಸತೊಡಗಿದಳು.

“ಅಕೀ ರಕ್ತದಾಗ ದೋಷ ಇರ್ತೈತಿ ಅಂತ ನೀ ಅಂಜಿಲ್ಲ,” ಎಂದರು ವಿದ್ಯಾವತಿ. “ಇರೂದಿಲ್ಲ ಅಂತ ಅಂಜೀದಿ. ದೋಷ ಅಷ್ಟ ಅಲ್ಲ, ನಿಮ್ಮಿಬ್ಬರದು ಏನೂ ಇರೂದಿಲ್ಲ ಅಂತ.”

ಹೊರಗೆ ಲಿಂಬೆಹಣ್ಣೊಂದು ಉರುಳಿತು. ನೀಲಾ ಅಸಮಾಧಾನದ ಒಂದು ದನಿ ಮಾಡಿ ಮೊದಲಿನಿಂದ ಜೋಡಿಸತೊಡಗಿದಳು.

ವಿದ್ಯಾವತಿ ನೋಟುಬುಕ್ಕು ತೆರೆದು ನೆಲದ ಮೇಲಿಟ್ಟರು. “ಹನ್ನೆರಡು ದಿನದಾಗ ಕಿಲೊದ ಮ್ಯಾಲೆ ಏರಿತ್ತು ಕೂಸು. ನಾ ದೇವರ ದಯಾ ಅಂತ ಬರದೆ. ಇಪ್ಪತ್ತೆಂಟು ವರ್ಷ ಸೂಲಗಿತ್ತಿ ಕೆಲಸಾ ಮಾಡಿದ ನಾ ಅಷ್ಟೂ ತಿಳೀಲಾರದಾಕಿ ಆದ್ನಿ. ಖರೇ ಹೇಳು. ನಿನ್ನ ಕೂಸು ಎಲ್ಲಿ?”

ರುಕ್ಮವ್ವ ಗೋಡೆಗೆ ಒರಗಿ ಕುಳಿತು, ಹಿತ್ತಲ ಕಡೆ ಕೈ ತೋರಿಸಿದಳು.

“ಹಿತ್ತಲದಾಗ, ಮೂರನೇ ಲಿಂಬಿ ಗಿಡದ ಬುಡಕ. ಆ ಗಿಡದ ಕಾಯಿ ನಾ ಇವತ್ತಿಗೂ ಬಾಯಿಗೆ ಇಟ್ಟಿಲ್ರಿ.”

ವಿದ್ಯಾವತಿ ಕಣ್ಣು ಮುಚ್ಚಿಕೊಂಡರು.

“ತಿಪ್ಪಿಗೆ ಇಡಬೇಕಾಗಿದ್ದ ದಿನಾ ನಸಕಿನ್ಯಾಗ ಹೋತು. ನಮ್ಮತ್ತಿ ಬಾಯಿ ಮುಚ್ಚಿಸಿದ್ಳು. ಮೂರನೇದೂ ಹೋತಂದ್ರ ಮಗಗ ಇನ್ನೊಂದು ಮದುವಿ ಮಾಡ್ತಾರ, ಸುಮ್ಮನಿರು ಅಂದ್ಳು. ತೋಟದಾಗ ಕಾಯಿ ಹರಿಯಾಕ ಬರ್ತಿದ್ದಾಕಿ ಒಬ್ಬಾಕಿ ಹಡದು ವಾರ ಆಗಿತ್ತು. ಎರಡನೇ ಹೆಣ್ಣು. ಗಂಡಾ ಜಡ್ಡಿನ್ಯಾಗ ಮಲಗಿದ್ದ. ಅತ್ತಿ ಹೋಗಿ ಅಕೀ ಕಾಲು ಹಿಡದ್ಳು. ನಮ್ಮತ್ತಿ ಯಾರ ಕಾಲೂ ಹಿಡದಾಕಿ ಅಲ್ರಿ.”

“ತಿಪ್ಪಿ ಮ್ಯಾಲೆ ಇಟ್ಟದ್ದು...”

“ಅಕೀ ಕೂಸನ್ನ. ಅಕೀನ ಎತ್ತಿಕೊಂಡು ಇದು ನಂದು ಅಂದ್ಳು. ಎಲ್ಲಾರೂ ನಕ್ಕರು. ನೀವೂ ನಕ್ಕಿರಿ. ನಾ ಮೊರ ಜೋಳ ಕೊಟ್ಟೆ. ಅಕೀ ಕೂಸನ್ನ ನನ್ನ ಉಡ್ಯಾಗ ಹಾಕಿ, ಜೋಳ ಅಲ್ಲೇ ಬಿಟ್ಟು ಹೋದ್ಳು. ಒಂದು ಕಾಳೂ ಒಯ್ಲಿಲ್ಲ.”

ಆ ಬೆಳಗು ವಿದ್ಯಾವತಿಯವರ ಕಣ್ಣ ಮುಂದೆ ಬಂದು ನಿಂತಿತು. ಎಲ್ಲರೂ ಕಂಡಿದ್ದರು. ಎಲ್ಲರ ಎದುರಿಗೆ ಕೊಟ್ಟದ್ದು, ಎಲ್ಲರ ಎದುರಿಗೆ ಕೊಂಡದ್ದು. ಆಟವೆಂದು ತಿಳಿದವರ ನಡುವೆ ನಿಜ ನಡೆದುಹೋಗಿತ್ತು. ಆ ಹೆಂಗಸು ಜೋಳ ಬಿಟ್ಟು ಹೋದದ್ದನ್ನು ಕಂಡು, ಮರೆತು ಹೋದಳು ನೋಡಿ ಎಂದು ನಗೆಯಾಡಿದವರು ವಿದ್ಯಾವತಿಯವರೇ.

“ಶಂಕರೆಪ್ಪಗ ಗೊತ್ತೇನು?”

“ಇಲ್ರಿ. ಅತ್ತಿ ಹೋದ ಮ್ಯಾಲೆ ನಾ ಒಬ್ಬಾಕೀನ. ಅವ್ರಿಗೆ ತಿಪ್ಪವ್ವಂದ್ರ ಜೀವಾ. ನಾ ನೀಲಾನ್ನ ಹಡದಾಕಿ, ಖರೇ. ಆದರ ನನ್ನನ್ನ ತಾಯಿ ಅನಿಸಿದಾಕಿ ತಿಪ್ಪವ್ವ. ಬಾಯಾರ, ನಮ್ಮಣ್ಣನ ಮನ್ಯಾಗ ಇದು ತಿಳೀತಂದ್ರ ಅಕೀ ಯಾವ ಜಾತಿ, ಯಾವ ಓಣಿ ಅಂತ ಕೇಳ್ತಾರ. ಹೊಸ್ತಿಲಾ ದಾಟಾಕ ಕೊಡೂದಿಲ್ಲ. ಆರು ದಿನಾ ಸುಮ್ಮನಿರ್ರಿ. ನಿಮ್ಮ ಲಿಂಗದಾಣಿ.”

ಒಬ್ಬಳಿಗೆ ಸುಳ್ಳು ಹೇಳುವುದಿಲ್ಲವೆಂದು ಬಸವಣ್ಣನ ಎದುರಿಗೆ ಕೊಟ್ಟ ಮಾತು. ಇನ್ನೊಬ್ಬಳು ಲಿಂಗದ ಮೇಲೆ ಆಣೆ ಹಾಕಿ ಬೇಡುವ ಮೌನ. ವಿದ್ಯಾವತಿ ನೋಟುಬುಕ್ಕನ್ನು ಹತ್ತಿರ ಎಳೆದುಕೊಂಡರು.

“ಆ ಹೆಣ್ಮಗಳ ಹೆಸರೇನು?” ಎಂದು ಮಾತ್ರ ಕೇಳಿದರು.

“ಗುಂಡವ್ವ. ತಿಂಗಳೊಳಗ ಊರು ಬಿಟ್ಟರು. ಕಬ್ಬು ಕಡಿಯಾಕ ಹೊಳಿ ಕಡೆ ಹೋದ್ರಂತ. ಹೋಗೂ ಮುಂದ ತೋಟದ ಬೇಲಿ ಹತ್ರ ನಿಂತಿದ್ಳು. ಕುಬಸ ಹಾಲಿನ್ಯಾಗ ತೊಯ್ದಿತ್ತು. ಒಂದು ಮಾತೂ ಕೇಳ್ಲಿಲ್ಲ. ದೂರದಿಂದ ನೋಡಿದ್ಳು, ಹೋದ್ಳು.”

ವಿದ್ಯಾವತಿ ಪೆನ್ನು ತೆಗೆದು, ಇಪ್ಪತ್ನಾಲ್ಕು ವರ್ಷ ಖಾಲಿಯಿದ್ದ ಜಾಗದಲ್ಲಿ ಬರೆದರು: ಗುಂಡವ್ವ. ಮರಣ ಎಂಬ ಮಾತನ್ನು ಹೊಡೆದುಹಾಕಿದರು.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಎಡಗಿವಿ ಮಂದವಾದ ಮೇಲೆ ಅವರು ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುವವರು. ಈಗಲೂ ಬೆರಳು ತಾನಾಗಿ ಅದನ್ನೇ ಒತ್ತಿತು.

“ಬಾಯಾರ! ಕಾರ್ಡಿನ ಹನಿ ಸಾಕಾತಂತ್ರಿ, ರಿಪೋರ್ಟು ಬಂತು!” ಪ್ರಜ್ಞಾಳ ದನಿ ದೇವರ ಕೋಣೆಯನ್ನೆಲ್ಲ ತುಂಬಿತು. “ಐಶ್ವರ್ಯಾಗ ದೋಷ ಇಲ್ಲ. ಒಂದೂ ಇಲ್ಲ. ಮದುವಿಗೆ ಅಡ್ಡಿ ಇಲ್ರಿ!”

“ಡಾಕ್ಟರವ್ವಾ, ನಾ ಆಮ್ಯಾಲೆ...”

“ಒಂದು ಮಾತು ಕೇಳ್ರಿ, ನಗಬ್ಯಾಡ್ರಿ. ಲ್ಯಾಬಿನವರು ಏನೋ ಗೊಂದಲಾ ಮಾಡ್ಯಾರ. ಅಕೀ ರಕ್ತಾ ಶಂಕರೆಪ್ಪಗೂ ಹೊಂದೂದಿಲ್ಲ, ರುಕ್ಮವ್ವಗೂ ಹೊಂದೂದಿಲ್ಲಂತ. ಹೊಂದೂದು ಯಾರಿಗೆ ಅಂದ್ರ ಸೊನ್ನೆ ನಂಬರಿಗೆ. ನನಗ್ರಿ! ಒಡಹುಟ್ಟಿದ ಅಕ್ಕ ತಂಗಿ ಅಂತ ಬರದಾರ. ನಮ್ಮವ್ವ ಗುಂಡವ್ವಗ ನಾ ಒಬ್ಬಾಕೀನ ಮಗಳು. ನನ್ನ ಹನಿ ಅದರಾಗ ಕೂಡಿರಬೇಕು, ಹೌದಿಲ್ಲೋ?”

ರುಕ್ಮವ್ವ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಅವಳು ನೋಡುತ್ತಿದ್ದದ್ದು ಫೋನನ್ನಲ್ಲ, ಬಾಗಿಲನ್ನು.

ಹೊಸ್ತಿಲಲ್ಲಿ ಐಶ್ವರ್ಯ ನಿಂತಿದ್ದಳು. ಎರಡೂ ಮುಂಗೈ ತುಂಬ ಹಸಿರು ಬಳೆ. ಅವು ಸದ್ದು ಮಾಡದಂತೆ ಕೈಗಳನ್ನು ಎದೆಗೆ ಒತ್ತಿ ಹಿಡಿದಿದ್ದಳು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಳೋ ಶಿವನೇ ಬಲ್ಲ.

ಅವಳು ಒಳಗೆ ಬಂದಳು. ತಾಯಿಯನ್ನು ನೋಡಲಿಲ್ಲ. ಫೋನಿನ ಮುಂದೆ ಮಂಡಿಯೂರಿದಳು.

“ಮೇಡಂ, ನಿಮ್ಮವ್ವ ಈಗ ಎಲ್ಲಿ ಅದಾರ್ರಿ?”

“ಯಾರು, ಐಶ್ವರ್ಯಾನೇನು? ಚಲೋ ಆತು, ನೀನ ಕೇಳಿಸಿಕೊಂಡಿ. ಅವ್ವ ಇಲ್ಲೇ ಅದಾಳ, ಈಗ ಬಸ್ಸಿಳದು ಬಂದ್ಳು. ನಾನೂ ಸ್ಪೀಕರಿಗೆ ಹಾಕೇನಿ, ಎಲ್ಲಾ ಕೇಳಾಕತ್ತಾಳ. ಅವ್ವಾ... ಯವ್ವಾ, ಯಾಕ ನೆಲಕ್ಕ ಕುಂತಿ? ನೀರು ಕೊಡ್ಲೇನು?”

ಆ ಕಡೆ ಏನೋ ಬಿದ್ದ ಸದ್ದಾಯಿತು. ಆಮೇಲೆ ಯಾರೋ ಫೋನಿನ ತೀರ ಹತ್ತಿರಕ್ಕೆ ಬಂದು ಉಸಿರಾಡಿದ್ದು ಕೇಳಿಸಿತು. ಬಿಸಿಲಿನಲ್ಲಿ ದುಡಿದು ಒಡೆದ, ವಯಸ್ಸಾದ ಹೆಂಗಸಿನ ದನಿ. ಐಶ್ವರ್ಯ ಎಂಬ ಹೆಸರನ್ನು ಅದು ಹಿಡಿಯಲಿಲ್ಲ.

“ತಿಪ್ಪವ್ವಾ?” ಎಂದಿತು ಆ ದನಿ. “ನೀನೇನ, ನನ್ನವ್ವಾ?”

ಐಶ್ವರ್ಯಳ ಕೈ ಜಾರಿತು. ಬಳೆಗಳೆಲ್ಲ ಒಮ್ಮೆಲೇ ಸದ್ದು ಮಾಡಿದವು.

ಪಡಸಾಲೆಯಲ್ಲಿ ಚಪ್ಪಲಿ ಬಿಡುವ ಸಪ್ಪಳ. ನೀಲಾಳ ಸಾಲು ತುಳಿಯದಂತೆ ಲಿಂಬೆಹಣ್ಣು ದಾಟಿಕೊಂಡು, ಉಳಿದ ಲಗ್ನಪತ್ರಿಕೆಗಳನ್ನು ಕಂಕುಳಲ್ಲಿ ಹಿಡಿದು, ಶಂಕರೆಪ್ಪ ನಗುನಗುತ್ತ ದೇವರ ಕೋಣೆಯ ಬಾಗಿಲಿಗೆ ಬಂದ.

“ಫೋನಿನ್ಯಾಗ ಯಾರದು?” ಎಂದು ಕೇಳಿದ. “ನಮ್ಮ ತಿಪ್ಪವ್ವನ್ನ ಇಷ್ಟು ಅಂತಃಕರಣದಿಂದ ಕರಿಯಾಕತ್ತಾಕಿ?”